ಮಷೀನ್ ನಿಲ್ಲಿಸುವ ಅಧಿಕಾರ ಯಾರದು? ಎಂಎಸ್‌ಕೆ ಮಿಲ್ಲಿನಿಂದ ಕಮಲಾಪುರದ ಕಣದವರೆಗೆ

ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಟರೆ ಎರಡೂ ಬದಿಯ ಹೊಲಗಳಲ್ಲಿ ಧೂಳು ಏಳುತ್ತಿರುತ್ತದೆ. ಟ್ರ್ಯಾಕ್ಟರ್ ಹಿಂದೆ ರಾಶಿ ಮಷೀನ್, ಅದರ ಬಾಯಿಗೆ ತೊಗರಿ ಕಟ್ಟಿಗೆ ಒಡ್ಡುವ ಇಬ್ಬರು, ಹೊರೆ ತಂದುಕೊಡುವ ನಾಲ್ಕೈದು ಹೆಣ್ಣುಮಕ್ಕಳು, ಕಾಳು ತುಂಬುವ ಒಬ್ಬ. ಬಾಡಿಗೆ ಮೀಟರ್ ಓಡುತ್ತಿರುತ್ತದೆ. ಮೋಡ ಕವಿದರಂತೂ ಎಲ್ಲರಿಗೂ ಅವಸರ.

ಇಂಥ ಕಣಗಳಲ್ಲಿ ನಾವು ನಿಂತು ನೋಡಿದ್ದೇವೆ. ಟ್ರ್ಯಾಕ್ಟರಿನಿಂದ ಮಷೀನಿಗೆ ಬಲ ಒಯ್ಯುವ ಪಿಟಿಒ ಶಾಫ್ಟ್ ಮೇಲೆ ಮುಚ್ಚಳ ಇರುವುದಿಲ್ಲ. ಬೆಲ್ಟಿನ ಜಾಳಿಗೆ ಬಿಚ್ಚಿ ಬದಿಗೆ ಒರಗಿಸಿರುತ್ತಾರೆ, ಇಲ್ಲವೇ ಅದು ಮನೆಯಲ್ಲೇ ಇರುತ್ತದೆ. ಆ ಶಾಫ್ಟಿನಿಂದ ಒಂದು ಮೊಳ ದೂರದಲ್ಲಿ ಹೆಂಗಸರ ಸೆರಗು ಹಾರಾಡುತ್ತಿರುತ್ತದೆ. ನಮಗೆ ಪ್ರತಿ ಸಲ ಬರುವ ಪ್ರಶ್ನೆ ಒಂದೇ. ಈ ಮಷೀನನ್ನು ಕೊನೆಯ ಸಲ ಯಾರು ಪರೀಕ್ಷೆ ಮಾಡಿದರು? ಯಾವಾಗ?

ಕಲಬುರಗಿ ನಗರದ ಒಂದು ದೊಡ್ಡ ಕಾರ್ಖಾನೆಯಲ್ಲಿ ಇದೇ ಪ್ರಶ್ನೆ ಕೇಳಿದರೆ ಒಂದು ರಿಜಿಸ್ಟರ್ ತೆಗೆದು ತೋರಿಸಬೇಕಾಗುತ್ತದೆ. ಕಮಲಾಪುರದ ಕಣದಲ್ಲಿ ತೋರಿಸಲು ಏನೂ ಇಲ್ಲ. ನಡುವಿನ ದೂರ ನಲವತ್ತು ಕಿಲೋಮೀಟರಿನ ಒಳಗೆ. ಆದರೆ ಈ ವ್ಯತ್ಯಾಸ ಹುಟ್ಟಲು ನೂರೈವತ್ತು ವರ್ಷ ಹಿಡಿದಿದೆ. ಅದರ ಕತೆ ಇದು.

ಬಂಡಿಯ ಕಡೆಗೀಲು

ಪರೀಕ್ಷೆ ಎನ್ನುವುದು ನಮ್ಮ ಹಳ್ಳಿಗೆ ಹೊಸದೇನಲ್ಲ. ಜಾತ್ರೆಗೆ ಬಂಡಿ ಕಟ್ಟುವ ಮುಂಚೆ ಹಿರಿಯರು ಗಾಲಿಯ ಕಡೆಗೀಲು ಮುಟ್ಟಿ ನೋಡುತ್ತಿದ್ದರು. ಬಾವಿಗೆ ಇಳಿಯುವ ಮುಂಚೆ ಹಗ್ಗವನ್ನು ಮೊಳ ಮೊಳವಾಗಿ ಕೈಯಲ್ಲಿ ಹಾಯಿಸಿ, ಸವೆದ ಎಳೆ ಇದೆಯೇ ಎಂದು ನೋಡುತ್ತಿದ್ದರು. ಬಡಿಗೇರ, ಕಮ್ಮಾರರ ಕೆಲಸದಲ್ಲಿ ಮುಂಗಾರಿಗೆ ಮುಂಚಿನ ರಿಪೇರಿಗೂ ಒಂದು ಪಾಲು ಇತ್ತು. ಸಾಮಾನು ಯಾರದೋ, ಅದನ್ನು ಬಳಸುವವರೂ ಅವರೇ. ಕೀಲು ಕಳಚಿದರೆ ಬೀಳುವವರೂ ಅವರೇ. ಹಾಗಾಗಿ ಬೇರೆ ಇನ್‌ಸ್ಪೆಕ್ಟರ್ ಬೇಕಾಗಿರಲಿಲ್ಲ.

ಹಬೆಯ ಯಂತ್ರ ಬಂದ ಮೇಲೆ ಈ ಲೆಕ್ಕ ಮುರಿಯಿತು. ಮಷೀನ್ ಒಬ್ಬನದು, ಅದರ ಬಾಯಿಯ ಮುಂದೆ ನಿಲ್ಲುವ ಕೈ ಇನ್ನೊಬ್ಬನದು ಆಯಿತು. ಮಷೀನ್ ಒಂದು ತಾಸು ನಿಂತರೆ ನಷ್ಟ ಮಾಲೀಕನಿಗೆ. ನಿಲ್ಲದೆ ಓಡಿ ಒಡೆದರೆ ಸಾವು ಕೂಲಿಯವನಿಗೆ. ಈ ಇಬ್ಬರ ನಡುವೆ ನಿಂತು, ಇವತ್ತು ಮಷೀನ್ ನಿಲ್ಲಲಿ, ನಾನು ನೋಡಬೇಕು ಎಂದು ಹೇಳುವ ಮೂರನೆಯವನೊಬ್ಬ ಬೇಕಾದ.

ಇಂಗ್ಲೆಂಡಿನಲ್ಲಿ 1833ರ ಫ್ಯಾಕ್ಟರಿ ಕಾಯ್ದೆ ಇಡೀ ದೇಶಕ್ಕೆ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಅವರ ಮುಖ್ಯ ಕೆಲಸ ಮಕ್ಕಳ ದುಡಿಮೆಯ ಗಂಟೆ ನೋಡುವುದಾಗಿತ್ತು. ತಿರುಗುವ ಯಂತ್ರಕ್ಕೆ ಬೇಲಿ ಹಾಕಬೇಕು ಎಂಬ ನಿಯಮ ಬಂದದ್ದು 1844ರಲ್ಲಿ.

ಕಲ್ಕತ್ತದಲ್ಲಿ ಒಡೆದ ಬಾಯ್ಲರ್

ನಮ್ಮ ದೇಶದಲ್ಲಿ ಯಂತ್ರ ಪರೀಕ್ಷೆಯ ಕಾನೂನು ಶುರುವಾದದ್ದು ಒಂದು ಸ್ಫೋಟದಿಂದ. 1863ರಲ್ಲಿ ಕಲ್ಕತ್ತದಲ್ಲಿ ಒಂದು ಬಾಯ್ಲರ್ ಒಡೆದು ಹಲವರು ಸತ್ತರು. ಮರುವರ್ಷ, 1864ರಲ್ಲಿ, ಬಂಗಾಳದಲ್ಲಿ ಬಾಯ್ಲರ್ ಪರೀಕ್ಷೆಯ ಕಾಯ್ದೆ ಬಂತು. ಅದು ಅನ್ವಯಿಸುತ್ತಿದ್ದುದು ಕಲ್ಕತ್ತ ಮತ್ತು ಅದರ ಸುತ್ತಮುತ್ತಲಿಗೆ ಮಾತ್ರ. ಆಮೇಲೆ ಬೇರೆ ಬೇರೆ ಪ್ರಾಂತಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಒಂದರ ನಿಯಮ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

1881ರಲ್ಲಿ ಮೊದಲ ಭಾರತೀಯ ಫ್ಯಾಕ್ಟರಿ ಕಾಯ್ದೆ ಬಂತು. 100 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ, ಯಂತ್ರಬಲದ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸಿತು. 7 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದುಡಿಸಬಾರದು, 7ರಿಂದ 12 ವರ್ಷದವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಅಪಾಯದ ಯಂತ್ರಕ್ಕೆ ಬೇಲಿ ಇರಬೇಕು ಎಂದು ಅದು ಹೇಳಿತು. ದೊಡ್ಡವರ ಗಂಟೆಗಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಕಲಬುರಗಿಗೆ ಮಿಲ್ ಬಂತು, ಕಾನೂನು ಗಡಿಯಲ್ಲೇ ನಿಂತಿತು

ಅದೇ 1880ರ ದಶಕದಲ್ಲಿ ಕಲಬುರಗಿಯಲ್ಲಿ ಹತ್ತಿ ಗಿರಣಿ ಎದ್ದಿತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹೆಸರಿನಲ್ಲಿ ಅದಕ್ಕೆ ಮಹಬೂಬ್ ಶಾಹಿ ಗುಲ್ಬರ್ಗಾ ಮಿಲ್ಸ್ ಎಂದು ಹೆಸರಾಯಿತು. ಇವತ್ತು ಮಗ್ಗದ ಸದ್ದಿಲ್ಲ. ಆದರೂ ಆಟೋದವರಿಗೆ ಎಂಎಸ್‌ಕೆ ಮಿಲ್ ಎಂದರೆ ಸಾಕು, ಒಯ್ದು ಬಿಡುತ್ತಾರೆ.

ಮಿಲ್ಲಿಗೆ ದಾರಿ ಮಾಡಿದ್ದು ರೈಲು. ಮುಂಬೈ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಲಬುರಗಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೋಯಿತು. ನಮ್ಮ ಕಪ್ಪು ಮಣ್ಣಿನ ಹತ್ತಿ ಹೊರಗೆ ಹೋಗುವುದೂ, ಹೊರಗಿನ ಯಂತ್ರ ಇಲ್ಲಿಗೆ ಬರುವುದೂ ಸುಲಭವಾಯಿತು.

ಆದರೆ ಯಂತ್ರ ಬಂದ ಹಾಗೆ ಕಾನೂನು ರೈಲು ಹತ್ತಿ ಬರಲಿಲ್ಲ. ಕಲಬುರಗಿ ಇದ್ದದ್ದು ಹೈದರಾಬಾದ್ ಸಂಸ್ಥಾನದಲ್ಲಿ. ಬ್ರಿಟಿಷ್ ಇಂಡಿಯಾದ ಕಾಯ್ದೆ ಇಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ನಿಜಾಮ್ ಸರ್ಕಾರ ತನ್ನದೇ ಕಾಯ್ದೆ ಮಾಡಿದರೆ ಮಾತ್ರ ಉಂಟು. ಸಂಸ್ಥಾನಕ್ಕೆ ತನ್ನ ಫ್ಯಾಕ್ಟರಿ ಕಾನೂನು ಬಂದದ್ದು 20ನೇ ಶತಮಾನದಲ್ಲಿ. ಅಂದರೆ ಸೊಲ್ಲಾಪುರದ ಮಿಲ್ಲಿನಲ್ಲಿ ಇದ್ದ ಬೇಲಿಯ ನಿಯಮ, ಅದೇ ರೈಲು ಹಳಿಯ ಮೇಲೆ ಮುಂದಿದ್ದ ಕಲಬುರಗಿಯ ಮಿಲ್ಲಿಗೆ ಕಡ್ಡಾಯವಾಗಿರಲಿಲ್ಲ.

ಆ ಕಾಲದ ಹತ್ತಿ ಗಿರಣಿಯ ಒಳಗೆ ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ. ಒಂದು ಮೂಲೆಯಲ್ಲಿ ಬಾಯ್ಲರ್ ಮತ್ತು ಹಬೆ ಎಂಜಿನ್. ಅಲ್ಲಿಂದ ಛಾವಣಿಯ ಕೆಳಗೆ ಉದ್ದಕ್ಕೆ ತಿರುಗುವ ಶಾಫ್ಟ್. ಆ ಶಾಫ್ಟಿನಿಂದ ಪ್ರತಿ ಮಷೀನಿಗೂ ಇಳಿಯುವ ಚರ್ಮದ ಬೆಲ್ಟ್. ಒಬ್ಬನ ಮಷೀನಿನಲ್ಲಿ ಕೈ ಸಿಕ್ಕರೂ ಎಂಜಿನ್‌ಗೆ ಗೊತ್ತಾಗುವುದಿಲ್ಲ, ಅದು ತಿರುಗುತ್ತಲೇ ಇರುತ್ತದೆ. ಬೆಲ್ಟನ್ನು ಪಕ್ಕಕ್ಕೆ ಜಾರಿಸುವ ಕೋಲು ಕೈಗೆ ಎಟುಕಿದರೆ ಬದುಕು, ಇಲ್ಲದಿದ್ದರೆ ಇಲ್ಲ.

ಕೇಳಿದವರು ಮೊದಲು ಕೂಲಿಗಳೇ

ಇನ್‌ಸ್ಪೆಕ್ಟರ್ ಎಂಬುದು ದೊರೆಗಳು ಕೊಟ್ಟ ದಾನ ಎಂದು ತಿಳಿಯುವುದು ತಪ್ಪು. 1884ರಲ್ಲಿ ಮುಂಬೈಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೂಲಿಗಳ ಸಭೆ ಸೇರಿಸಿದರು. ಲೋಖಂಡೆ ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ಸುಮಾರು 5,500 ಮಂದಿ ಸಹಿ ಹಾಕಿದ ಮನವಿ ಸಿದ್ಧವಾಯಿತು. ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ 15ರ ಒಳಗೆ ಪಗಾರ ಎಂದು ಕೇಳಿದ ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು. ಕೆಲಸದಲ್ಲಿ ಗಾಯವಾದವನಿಗೆ ಗುಣವಾಗುವವರೆಗೆ ಪೂರ್ತಿ ಕೂಲಿ ಕೊಡಬೇಕು, ಕೈಕಾಲು ಶಾಶ್ವತವಾಗಿ ಹೋದರೆ ಜೀವನಕ್ಕೆ ಏರ್ಪಾಡು ಮಾಡಬೇಕು.

ಈ ಬೇಡಿಕೆಯಲ್ಲಿ ದೊಡ್ಡ ಮಾತಿದೆ. ಗಾಯದ ಖರ್ಚು ಮಾಲೀಕನ ಲೆಕ್ಕಕ್ಕೆ ಬಂದರೆ, ಮುಚ್ಚಳ ಹಾಕುವುದೇ ಅಗ್ಗ ಎಂದು ಅವನಿಗೆ ತಾನಾಗಿ ತಿಳಿಯುತ್ತದೆ. ಗಾಯದ ಖರ್ಚು ಕೂಲಿಯ ಮನೆಗೆ ಹೋದರೆ ಮುಚ್ಚಳ ಬದಿಗೆ ಒರಗಿಯೇ ಇರುತ್ತದೆ.

ಲೋಖಂಡೆಯವರ ಆ ಬೇಡಿಕೆ ಕಾನೂನಾಗಲು ಸುಮಾರು 40 ವರ್ಷ ಬೇಕಾಯಿತು. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಅದೇ 1923ರಲ್ಲಿ, ಪ್ರಾಂತಕ್ಕೊಂದು ಇದ್ದ ಬಾಯ್ಲರ್ ಕಾನೂನುಗಳನ್ನು ತೆಗೆದು, ಒಂದೇ ಭಾರತೀಯ ಬಾಯ್ಲರ್ ಕಾಯ್ದೆ ತಂದರು. ಒಂದು ಕಾಯ್ದೆ ಗಾಯವಾದ ಮೇಲಿನ ಮಾತು, ಇನ್ನೊಂದು ಗಾಯವಾಗುವ ಮುಂಚಿನ ಮಾತು.

ತಣ್ಣಗಾದ ಬಾಯ್ಲರ್

ಬಾಯ್ಲರ್ ಪರೀಕ್ಷೆ ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರೀಕ್ಷೆ ಎಂದರೆ ಏನು ಎಂಬುದು ಇದರಲ್ಲೇ ತಿಳಿಯುತ್ತದೆ.

ಪ್ರತಿ ಬಾಯ್ಲರಿಗೂ ಒಂದು ನೋಂದಣಿ ಸಂಖ್ಯೆ ಇದೆ. ಅದನ್ನು ಲೋಹದ ಮೇಲೇ ಕೆತ್ತಿರುತ್ತಾರೆ. ನಡೆಸಲು ಕೊಡುವ ಸರ್ಟಿಫಿಕೇಟಿಗೆ ಅವಧಿ ಇದೆ, ಸಾಮಾನ್ಯವಾಗಿ ಹೆಚ್ಚೆಂದರೆ 12 ತಿಂಗಳು. ಅವಧಿ ಮುಗಿಯುವ ಮುಂಚೆ ಬೆಂಕಿ ಆರಿಸಬೇಕು. ಬಾಯ್ಲರ್ ತಣ್ಣಗಾಗಬೇಕು. ನೀರು ಖಾಲಿ ಮಾಡಿ ಒಳಗಿನ ಸುಣ್ಣದ ಪದರ ಕೆರೆದು ಸ್ವಚ್ಛ ಮಾಡಬೇಕು. ಆಗ ಪರೀಕ್ಷಕ ಒಳಗೆ ನೋಡುತ್ತಾನೆ. ತುಕ್ಕು ಎಲ್ಲಿ ತಿಂದಿದೆ, ತಗಡು ಎಲ್ಲಿ ಉಬ್ಬಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಹುಡುಕುತ್ತಾನೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದೂ ಹಳೆಯ ಪದ್ಧತಿ. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ಅವ್ವಂದಿರು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆಯೇ.

ಆಮೇಲೆ ತಣ್ಣೀರು ತುಂಬಿಸಿ, ನಿತ್ಯದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುತ್ತಾರೆ. ಹಬೆಯಿಂದ ಈ ಪರೀಕ್ಷೆ ಮಾಡುವುದಿಲ್ಲ. ನೀರು ತುಂಬಿದ ಬಾಯ್ಲರ್ ಸೀಳಿದರೆ ನೀರು ಸೋರುತ್ತದೆ, ಹಬೆ ತುಂಬಿದ್ದು ಸೀಳಿದರೆ ಗೋಡೆಯೇ ಹಾರುತ್ತದೆ. ಒತ್ತಡ ಮೀರಿದರೆ ತಾನಾಗಿ ತೆರೆಯುವ ಸುರಕ್ಷತಾ ವಾಲ್ವ್, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಒತ್ತಡದ ಗಡಿಯಾರ, ನೀರು ಕಡಿಮೆಯಾದರೆ ಕರಗಿ ಬೆಂಕಿ ಆರಿಸುವ ಕರಗುವ ಬಿರಡೆ, ಇವೆಲ್ಲ ಸರಿಯಾಗಿವೆಯೇ ಎಂದು ನೋಡುತ್ತಾರೆ.

ಇದರಲ್ಲಿ ಮುಖ್ಯವಾದದ್ದು ಮೊದಲ ಮಾತು. ಬೆಂಕಿ ಆರಿಸಬೇಕು. ಬಾಯ್ಲರ್ ಆರಿದರೆ ಮಿಲ್ ನಿಲ್ಲುತ್ತದೆ. ಯಾವ ಮಾಲೀಕನಿಗೂ ಅದು ಇಷ್ಟವಲ್ಲ. ಆದರೂ ವರ್ಷಕ್ಕೊಮ್ಮೆ ನಿಲ್ಲಿಸಲೇಬೇಕು ಎಂದು ಕಾನೂನು ಹೇಳಿತು. ಓಡುತ್ತಿರುವ ಮಷೀನನ್ನು ದೂರದಿಂದ ನೋಡಿ ಸಹಿ ಹಾಕಿದರೆ ಅದಕ್ಕೆ ಪರೀಕ್ಷೆ ಎನ್ನುವುದಿಲ್ಲ.

1948: ಹತ್ತು ಮಂದಿಯ ಗೆರೆ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂತು. ಅದೇ ವರ್ಷ ದೇಶಕ್ಕೆ ಹೊಸ ಕಾರ್ಖಾನೆ ಕಾಯ್ದೆಯೂ ಬಂತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇವತ್ತು ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ.

1948ರ ಕಾಯ್ದೆ ವಾಯಿದೆಗಳನ್ನು ಬರೆದಿಟ್ಟಿತು. ಲಿಫ್ಟ್ ಮತ್ತು ಹಾಯಿಸ್ಟನ್ನು 6 ತಿಂಗಳಿಗೊಮ್ಮೆ ಅರ್ಹ ಪರಿಣತ ಪೂರ್ತಿ ಪರೀಕ್ಷೆ ಮಾಡಬೇಕು. ಭಾರ ಎತ್ತುವ ಕ್ರೇನ್, ಸರಪಳಿ, ಹಗ್ಗವನ್ನು ವರ್ಷಕ್ಕೊಮ್ಮೆ. ತಿರುಗುವ ಭಾಗಕ್ಕೆ ಗಟ್ಟಿ ಬೇಲಿ ಇರಬೇಕು. ಓಡುವ ಮಷೀನಿನ ಹತ್ತಿರ ಅನಿವಾರ್ಯ ಕೆಲಸಕ್ಕೆ ಹೋಗುವವನು ತರಬೇತಿ ಪಡೆದವನಾಗಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು. ಬಾವಿಯ ಹಗ್ಗವನ್ನು ಮೊಳ ಮೊಳವಾಗಿ ನೋಡುತ್ತಿದ್ದ ನಮ್ಮ ಅಜ್ಜಂದಿರ ರೂಢಿಯೇ ಇಲ್ಲಿ ದಿನಾಂಕ, ಸಹಿ, ರಿಜಿಸ್ಟರ್ ಸಮೇತ ಕಾನೂನಾಯಿತು. ಯಂತ್ರದಿಂದ ಜೀವಕ್ಕೆ ಕುತ್ತು ಎಂದು ಕಂಡರೆ ಅದು ದುರಸ್ತಿಯಾಗುವವರೆಗೆ ಬಳಸಕೂಡದು ಎಂದು ಆದೇಶಿಸುವ ಅಧಿಕಾರ ಇನ್‌ಸ್ಪೆಕ್ಟರಿಗೆ ಸಿಕ್ಕಿತು.

ಆದರೆ ಈ ಕಾಯ್ದೆ ಒಂದು ಗೆರೆಯನ್ನೂ ಎಳೆಯಿತು. ಯಂತ್ರಬಲ ಇರುವ ಕಡೆ 10 ಮಂದಿ, ಇಲ್ಲದ ಕಡೆ 20 ಮಂದಿ ದುಡಿಯುತ್ತಿದ್ದರೆ ಅದು ಕಾರ್ಖಾನೆ. 1881ರಲ್ಲಿ 100 ಇದ್ದ ಸಂಖ್ಯೆ 1891ರಲ್ಲಿ 50 ಆಗಿ, 1922ರಲ್ಲಿ 20 ಆಗಿ, ಇಲ್ಲಿಗೆ 10ಕ್ಕೆ ಇಳಿದಿತ್ತು. ಕಾನೂನು ಮೆಲ್ಲಗೆ ಸಣ್ಣ ಗಿರಣಿಯ ಬಾಗಿಲಿಗೆ ಬರುತ್ತಿತ್ತು.

1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತವಾಯಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕೆಲಸದ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಇರುವ ಸುರಕ್ಷತಾ ಸಮಿತಿ ಇರಬೇಕು ಎಂದರು. ತಕ್ಷಣದ ಅಪಾಯ ಕಂಡರೆ ಆಡಳಿತಕ್ಕೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ಕಾರ್ಮಿಕನಿಗೇ ಕೊಟ್ಟರು. ಮಷೀನಿನ ಮುಂದೆ ನಿಂತವನ ಮಾತಿಗೂ ಬೆಲೆ ಬಂದದ್ದು ಆಗ.

ಇಷ್ಟರಲ್ಲಿ ನಮ್ಮ ಮಿಲ್ ಸೊರಗುತ್ತ ಬಂದಿತ್ತು. 1974ರಲ್ಲಿ ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣದಲ್ಲಿ ಅದು ಸರ್ಕಾರದ ಕೈಗೆ ಹೋಯಿತು. ಕೊನೆಗೆ ಬಾಗಿಲು ಹಾಕಿತು. ಕಲಬುರಗಿಯ ಕೂಲಿಗಳು ಬೇರೆ ಕೆಲಸ ಹುಡುಕಿದರು. ದಾಲ್ ಮಿಲ್ಲುಗಳು ನಗರದ ಮುಖ್ಯ ಕಸುಬಾದವು. ಅಲ್ಲಿಯೂ ಬೆಲ್ಟ್ ಇದೆ, ರೋಲರ್ ಇದೆ, ಕಾಳು ಎತ್ತುವ ಎಲಿವೇಟರ್ ಇದೆ. ಆದರೆ ಸಾವಿರ ಮಂದಿಯ ಒಂದು ಮಿಲ್ ಇದ್ದ ಊರಲ್ಲಿ, ಕೆಲವೇ ಮಂದಿ ದುಡಿಯುವ ಸಣ್ಣ ಸಣ್ಣ ಮಿಲ್ಲುಗಳು ಬಹಳವಾದವು.

ಕಮಲಾಪುರದಲ್ಲಿ ಎರಡು ಯಂತ್ರ

ಈಗ ಕೆಂಪು ಬಾಳೆಯ ಊರಿಗೆ ಬರೋಣ. ಕಮಲಾಪುರ ತಾಲ್ಲೂಕಿನ ಮೂಲಕ ಬೀದರ್–ಕಲಬುರಗಿ ರೈಲು ಹೋಗುತ್ತದೆ. ಮರಗುತ್ತಿ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿದ್ದಾರೆ. 2017ರ ಅಕ್ಟೋಬರ್ 29ರಂದು ಈ ಮಾರ್ಗ ಉದ್ಘಾಟನೆಯಾಯಿತು. ಹೊಸ ಮಾರ್ಗದಲ್ಲಿ ಜನರನ್ನು ಹತ್ತಿಸುವ ಮುಂಚೆ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷೆ ಮಾಡಬೇಕು ಎಂಬುದು ಕಾನೂನು. ಈ ಆಯುಕ್ತರು ರೈಲ್ವೆ ಸಚಿವಾಲಯದ ಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ರೈಲು ಓಡಿಸುವವನೇ ತನ್ನ ಹಳಿಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು ಎಂಬ ಎಚ್ಚರ ಇದರಲ್ಲಿದೆ.

ಅದೇ ಹಳಿಯ ಪಕ್ಕದ ಹೊಲದಲ್ಲಿ ರಾಶಿ ಮಷೀನ್ ಓಡುತ್ತಿದೆ. ಅದಕ್ಕೆ ಆಯುಕ್ತರಿಲ್ಲ, ಇನ್‌ಸ್ಪೆಕ್ಟರ್ ಇಲ್ಲ.

ಕಾನೂನೇ ಇಲ್ಲ ಎಂದಲ್ಲ. ಹಸಿರು ಕ್ರಾಂತಿಯ ಜೊತೆಗೆ ಉತ್ತರ ಭಾರತದ ಗೋಧಿ ಹೊಲಗಳಿಗೆ ಥ್ರೆಷರ್ ಬಂತು. ಅದರ ಬಾಯಿಗೆ ಕೈ ಕೊಟ್ಟು ಬೆರಳು, ಅಂಗೈ, ತೋಳು ಕಳೆದುಕೊಂಡವರು ಬಹಳ. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ವಿದ್ಯುತ್ ಅಥವಾ ಎಂಜಿನ್ ಬಲದ ಥ್ರೆಷರುಗಳೇ ಅದರ ಕಣ್ಣಮುಂದೆ ಇದ್ದವು. ಮಷೀನ್ ತಯಾರಿಸುವವನಿಗೂ ಮಾರುವವನಿಗೂ ಲೈಸೆನ್ಸ್ ಬೇಕು, ಮಷೀನ್ ಸುರಕ್ಷಿತವಾಗಿರಬೇಕು, ಅದನ್ನು ನಡೆಸುವಾಗ ಸತ್ತವರಿಗೆ, ಗಾಯವಾದವರಿಗೆ ಪರಿಹಾರ ಸಿಗಬೇಕು ಎಂದು ಅದು ಹೇಳಿತು. ಥ್ರೆಷರಿನ ಸುರಕ್ಷತೆಗೆ ಭಾರತೀಯ ಮಾನದಂಡವೂ ಇದೆ. ಕಟ್ಟಿಗೆ ಒಡ್ಡುವ ಗಾಳಿ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು. ಮನುಷ್ಯನ ಕೈ ಹಲ್ಲಿನವರೆಗೆ ತಲುಪಬಾರದು ಎಂಬುದೇ ಈ ಅಳತೆಯ ಗುಟ್ಟು.

ಹೊಲದ ಅನುಭವ ಬೇರೆ. ಮುಚ್ಚಿದ ಗಾಳಿಯಲ್ಲಿ ತೊಗರಿ ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ ಎಂದು ಮುಚ್ಚಳ ಕತ್ತರಿಸುತ್ತಾರೆ. ಕಾರ್ಖಾನೆಯಿಂದ ಸರಿಯಾಗಿ ಬಂದ ಮಷೀನ್ ಎರಡು ಹಂಗಾಮಿನಲ್ಲಿ ಬತ್ತಲಾಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಬಂದು ನೋಡುವವರು ಯಾರು? ರಾಶಿ ಮಷೀನ್ ಒಂದು ಹೊಲದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಗೇಟ್ ಇಲ್ಲ, ಬೋರ್ಡ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಇವತ್ತು ದುಡಿದವರು ನಾಳೆ ಬೇರೆ ಕಣದಲ್ಲಿ ಇರುತ್ತಾರೆ.

ಅಪಾಯ ಮಾತ್ರ ಸಣ್ಣದಲ್ಲ. ಟ್ರ್ಯಾಕ್ಟರಿನ ಪಿಟಿಒ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಅಂದರೆ ಸೆಕೆಂಡಿಗೆ 9 ಸುತ್ತು. ನಾಲ್ಕು ಸೆಂಟಿಮೀಟರ್ ದಪ್ಪದ ಶಾಫ್ಟಿಗೆ ಸೆರಗು ಸಿಕ್ಕರೆ ಒಂದು ಸೆಕೆಂಡಿನಲ್ಲಿ ಒಂದು ಮೀಟರಿಗಿಂತ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಡ್ರೈವರ್ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 1880ರ ಮಿಲ್ಲಿನಲ್ಲಿ ಛಾವಣಿಯ ಕೆಳಗಿದ್ದ ಬೇಲಿಯಿಲ್ಲದ ಶಾಫ್ಟ್ ಇವತ್ತು ನಮ್ಮ ಹೊಲದಲ್ಲಿ ಮೊಣಕಾಲಿನ ಎತ್ತರದಲ್ಲಿ ತಿರುಗುತ್ತಿದೆ.

ಗೆರೆ ಮತ್ತೆ ಮೇಲಕ್ಕೆ

2025ರಲ್ಲಿ ಎರಡು ಬದಲಾವಣೆ ಆದವು. ಸಂಸತ್ತು 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ ಹೊಸ ಬಾಯ್ಲರ್ ಕಾಯ್ದೆ ತಂದಿತು. ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾರ್ಖಾನೆ ಕಾಯ್ದೆ ಹೋಗಿ, 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂತು.

ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ ಇನ್ನು ಸಲಹೆಗಾರನೂ ಹೌದು. ಯಾವ ಘಟಕಕ್ಕೆ ಹೋಗಬೇಕು ಎಂಬುದನ್ನು ಕಂಪ್ಯೂಟರ್ ಆರಿಸಬಹುದು. ಲಂಚದ ಇನ್‌ಸ್ಪೆಕ್ಟರ್ ರಾಜ್ ಹೋಗಲಿ ಎಂಬುದು ಸರ್ಕಾರದ ವಾದ. ಆ ದೂರು ಸುಳ್ಳಲ್ಲ, ಮಷೀನ್ ನೋಡದೆ ಟೇಬಲ್ ಮೇಲೇ ಸಹಿ ಬೀಳುವ ಕತೆ ಎಲ್ಲರಿಗೂ ಗೊತ್ತು.

ಆದರೆ ಕಾರ್ಖಾನೆಯ ಗೆರೆ ಯಂತ್ರಬಲ ಇದ್ದಲ್ಲಿ 10ರಿಂದ 20ಕ್ಕೆ, ಇಲ್ಲದ ಕಡೆ 20ರಿಂದ 40ಕ್ಕೆ ಏರಿತು. 10ರಿಂದ 19 ಮಂದಿ ಇರುವ ಸಣ್ಣ ಗಿರಣಿ ಸಂಹಿತೆಯ ಪ್ರಕಾರ ಸಂಸ್ಥೆ ಎನಿಸಿಕೊಳ್ಳುತ್ತದೆ, ಕಾರ್ಖಾನೆ ಎನಿಸುವುದಿಲ್ಲ. 100ರಿಂದ 10ಕ್ಕೆ ಇಳಿಯಲು 67 ವರ್ಷ ಬೇಕಾಗಿದ್ದ ಸಂಖ್ಯೆ ಈಗ ಮೊದಲ ಸಲ ಮೇಲಕ್ಕೆ ಹೋಗಿದೆ. ಸಣ್ಣ ಮಿಲ್ಲುಗಳೇ ಹೆಚ್ಚಿರುವ ನಮ್ಮಂಥ ಜಿಲ್ಲೆಗೆ ಇದು ಬರಿ ಅಂಕಿಯ ಮಾತಲ್ಲ. ಮಷೀನಿಗೆ ತನ್ನ ಮುಂದೆ 9 ಮಂದಿ ನಿಂತಿದ್ದಾರೋ 19 ಮಂದಿಯೋ ಗೊತ್ತಾಗುವುದಿಲ್ಲ.

ಕಣದಲ್ಲಿ ನಾವೇ ಪರೀಕ್ಷಕರು

ಹಾಗಾದರೆ ಕಣಕ್ಕೆ ಇನ್‌ಸ್ಪೆಕ್ಟರ್ ಬರುವವರೆಗೆ ಕಾಯಬೇಕೆ? ಅಷ್ಟರಲ್ಲಿ ಎಷ್ಟು ಹಂಗಾಮು ಹೋಗುತ್ತವೋ. ಬಾಯ್ಲರಿನಿಂದ ಕಲಿತದ್ದನ್ನು ನಮ್ಮ ಹೊಲಕ್ಕೆ ತರಬಹುದು.

ಬಾಡಿಗೆ ಮಾತಾಡುವಾಗಲೇ ಮುಚ್ಚಳದ ಮಾತೂ ಆಡಿ. ಪಿಟಿಒ ಶಾಫ್ಟ್ ಮೇಲೆ ಮುಚ್ಚಳ, ಬೆಲ್ಟಿಗೆ ಜಾಳಿಗೆ, ಗಾಳಿಗೆ ಮುಚ್ಚಳ ಇದ್ದರೆ ಮಾತ್ರ ಮಷೀನ್ ಹೊಲಕ್ಕೆ ಬರಲಿ. ರಾಶಿ ಶುರು ಮಾಡುವ ಮುಂಚೆ ಎಂಜಿನ್ ಬಂದ್ ಮಾಡಿ, ಹತ್ತು ನಿಮಿಷ ನೋಡಿ. ಸಡಿಲಾದ ಬೋಲ್ಟ್, ಹರಿದ ಬೆಲ್ಟ್, ಬಿರುಕು ಬಿಟ್ಟ ತಗಡು ಕಣ್ಣಿಗೆ ಬೀಳುತ್ತವೆ. ಕಟ್ಟಿಗೆ ಸಿಕ್ಕಿಕೊಂಡರೆ ಮಷೀನ್ ಪೂರ್ತಿ ನಿಂತ ಮೇಲೇ ಕೈ ಹಾಕಬೇಕು. ಸೆರಗು, ಟವೆಲ್, ಬಿಟ್ಟ ಕೂದಲು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಮಕ್ಕಳು ದೂರ ಇರಬೇಕು. ಕುಡಿದವರು ಮಷೀನಿನ ಬಾಯಿಗೆ ಬೇಡ. ಕತ್ತಲಾದ ಮೇಲೆ ದಣಿದ ಕೈಗಳಿಂದ ಇನ್ನೊಂದೇ ಎಕರೆ ಎಂಬ ಆಸೆ ಬೇಡ. ಅವಘಡವಾದರೆ ಎಪಿಎಂಸಿ ಮತ್ತು ಕೃಷಿ ಇಲಾಖೆಯಲ್ಲಿ ಪರಿಹಾರದ ಬಗ್ಗೆ ವಿಚಾರಿಸಿ, ಆಸ್ಪತ್ರೆಯ ಕಾಗದ ಜೋಪಾನ ಇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಣದಲ್ಲಿ ಯಾರು ಬೇಕಾದರೂ, ದಿನಗೂಲಿಗೆ ಬಂದ ಹೆಣ್ಣುಮಗಳಾದರೂ, ನಿಲ್ಲಿಸ್ರಿ ಎಂದು ಕೂಗಿದರೆ ಮಷೀನ್ ನಿಲ್ಲಬೇಕು. ಯಾಕೆ ನಿಲ್ಲಿಸಿದಿ ಎಂದು ಆಮೇಲೆ ಕೇಳಿದರಾಯಿತು. ಇದನ್ನು ರಾಶಿಗೆ ಮುಂಚೆಯೇ ಎಲ್ಲರ ಎದುರು ಹೇಳಿಬಿಡಬೇಕು.

ಮಷೀನ್ ನಿಲ್ಲಿಸುವ ಅಧಿಕಾರ 1884ರಲ್ಲಿ ಗಿರಣಿಯ ಕೂಲಿಗೆ ಇರಲಿಲ್ಲ. ಒಂದೊಂದೇ ಕಾಯ್ದೆ ಬಂದು ಅದು ಇನ್‌ಸ್ಪೆಕ್ಟರಿಗೆ ಸಿಕ್ಕಿತು, ಮುಂದೆ ಸ್ವಲ್ಪ ಮಟ್ಟಿಗೆ ಕಾರ್ಮಿಕನ ಮಾತಿಗೂ ಬೆಲೆ ಬಂತು. ಕಮಲಾಪುರದ ಕಣಕ್ಕೆ ಅದನ್ನು ಯಾರೂ ತಂದುಕೊಟ್ಟಿಲ್ಲ. ಈ ಸಲದ ತೊಗರಿ ರಾಶಿಗೆ ನಾವೇ ತಂದುಕೊಳ್ಳಬಹುದು. ಅದಕ್ಕೆ ಬೇಕಾಗುವುದು ಹತ್ತು ನಿಮಿಷ.